ನೀಲವ್ವನಿಗೊಂದು ಗಿಡ

ಅಂಕಲಿಯ ಲಕ್ಕವ್ವ ಅಕ್ಕೋರು ಶಾಲೆಯಿಂದ ನಿವೃತ್ತರಾದರೂ ಕಲಿಸುವ ಚಟ ಬಿಟ್ಟಿರಲಿಲ್ಲ. ಊರಿನ ಹೆಂಗಸರನ್ನು ಕೂಡಿಸಿ ವರ್ಷಕ್ಕೊಂದು ನಾಟಕ ತಾವೇ ಬರೆದು ಆಡಿಸುತ್ತಿದ್ದರು. ಪಾತ್ರ ಹಂಚಿದ ಮೇಲೆ ಪ್ರತಿ ಪಾತ್ರಕ್ಕೂ ಒಂದು ಗಿಡದ ಹೆಸರು ಹೇಳುವುದು ಅವರ ಪದ್ಧತಿ. ಪಾತ್ರ ಮಾಡುವವಳು ಆ ಗಿಡವನ್ನು ತಂದು ಮನೆಯಲ್ಲಿಟ್ಟು ಸಾಕಬೇಕು. ಅದು ಹೇಗೆ ಬದುಕುತ್ತದೋ ಪಾತ್ರವೂ ಹಾಗೆ ಬದುಕಬೇಕು. ಮಂದಿಯ ಹೆಗಲೇರಿ ಮೇಲೆ ಬರುವ ದಲಾಲನಿಗೆ ಮನಿಪ್ಲಾಂಟ್. ಯಾರೂ ನೀರು ಹಾಕದಿದ್ದರೂ ಗಟ್ಟಿಯಾಗಿ ನಿಂತ ಮುದುಕಿಗೆ ಎಕ್ಕೆ. ಮಾತುಮಾತಿಗೆ ಮುಖ ಗಂಟಿಕ್ಕುವ ಅಳಿಯನಿಗೆ ಮುಟ್ಟಿದರೆ ಮುನಿ, ಅದನ್ನಂತೂ ಕೇಳುವುದೇ ಬೇಡ. ಮೊದಲು ನಕ್ಕವರೆಲ್ಲ ನಾಟಕ ನೋಡಿ ಬಾಯಿ ಮುಚ್ಚಿಕೊಂಡಿದ್ದರು. ಶೀತಲಳಿಗಂತೂ ಅಕ್ಕೋರೆಂದರೆ ಜೀವ. ಮನುಷ್ಯರ ಒಳಗನ್ನು ಇಷ್ಟು ಸರಿಯಾಗಿ ಕಂಡವರನ್ನು ಅವಳು ಬೇರೆಲ್ಲೂ ನೋಡಿರಲಿಲ್ಲ.

ಶೀತಲ ಗಡಿಯಾಚೆಯ ಮರಾಠಿ ಮನೆಯಿಂದ ಅಂಕಲಿಗೆ ಸೊಸೆಯಾಗಿ ಬಂದವಳು. ಕನ್ನಡ ಚೆನ್ನಾಗಿಯೇ ಕಲಿತಿದ್ದಳು, ಆದರೆ ಅವಸರವಾದರೆ ನಾಲಗೆ ತವರಿನ ಕಡೆ ಓಡುತ್ತಿತ್ತು. ಈ ಸಲ ನಾಯಕಿ ನೀಲವ್ವನ ಪಾತ್ರ ಅವಳಿಗೇ ಸಿಕ್ಕಿತ್ತು. ಗಂಡ ಸತ್ತ ಮೇಲೆ, ಹೊಲ ಬಿಟ್ಟು ತವರಿಗೆ ನಡೆ ಎಂದ ಮೈದುನರ ಎದುರು ನಿಂತ ಹೆಂಗಸು ನೀಲವ್ವ. ಕನ್ನಡ ನೆಟ್ಟಗೆ ಬಾರದವಳಿಗೆ ದೊಡ್ಡ ಪಾತ್ರ ಯಾಕೆಂದು ಕೆಲವರು ಗೊಣಗಿದ್ದು ಅವಳ ಕಿವಿಗೂ ಬಿದ್ದಿತ್ತು. ಒಂದು ತಪ್ಪಾದರೂ ಪಾತ್ರ ಕೈತಪ್ಪುತ್ತದೆ ಎಂದು ಒಳಗೊಳಗೇ ಅಂಜುತ್ತಿದ್ದಳು.

ತಾಲೀಮು ಶುರುವಾಗಿ ಕೆಲವು ದಿನಗಳಾದ ಮೇಲೆ ಅಕ್ಕೋರು ಫೋನ್ ಮಾಡಿದರು. "ನೀಲವ್ವಗ ಕಳ್ಳಿ. ನಾಳೆ ತಾಲೀಮಿಗೆ ಬರೂಮುಂದ ತಗೊಂಡ ಬಾ."

ಶೀತಲಳ ಮರಾಠಿ ಕಿವಿ ಅದನ್ನು 'ಕಳೀ' ಎಂದು ಕೇಳಿಸಿಕೊಂಡಿತು. ಮರಾಠಿಯಲ್ಲಿ ಕಳೀ ಎಂದರೆ ಮೊಗ್ಗು. ಶೀತಲ ಉಸ್ಮಾನ ಭಾಯಿಯ ನರ್ಸರಿಯನ್ನೆಲ್ಲ ಸುತ್ತಿ, ಒಂದೂ ಹೂವು ಅರಳದೆ ಮೈತುಂಬ ಮೊಗ್ಗು ಹೊತ್ತ ಗುಲಾಬಿ ಗಿಡವನ್ನು ಆರಿಸಿ ತಂದಳು.

ತಾಲೀಮಿನಲ್ಲಿ ಅದನ್ನು ನೋಡಿ, ಹಿರಿಯ ಮೈದುನನ ಪಾತ್ರ ಮಾಡುವ ದಾನೇಶ್ವರಿ ಬಿದ್ದು ಬಿದ್ದು ನಕ್ಕಳು.

"ಅಯ್ಯ, ಬೇಲಿಗೆ ಹಚ್ಚೂ ಕಳ್ಳಿ ತಾ ಅಂದ್ರ ಈಕಿ ಗುಲಾಬಿ ತಂದಾಳಲ್ರಿ! ಮಾತ ತಿಳಿಯಂಗಿಲ್ಲ ಅಂದಮ್ಯಾಲ ನೀಲವ್ವ ಹೆಂಗ ಆಗ್ತಾಳ್ರಿ ಅಕ್ಕೋರ?"

"ನನಗ 'ಕಳೀ' ಅಂತ ಕೇಳಿಸಿತ್ರಿ, ನಮ್ಮ ತವರಿನ ಕಡೆ ಮೊಗ್ಗಿಗೆ ಹಂಗಂತಾರ್ರಿ," ಅಂದಳು ಶೀತಲ ತಲೆ ತಗ್ಗಿಸಿ. ಅಕ್ಕೋರು ಮಾತ್ರ ನಗಲಿಲ್ಲ.

"ನೀಲವ್ವಗ ಮೊಗ್ಗು ಹೊಂದತೈತಿ ಅಂತ ನಿನಗ ಅನಿಸಿತೋ, ಹೇಳ್ಯಾರ ಅಂತ ಸುಮ್ನ ತಂದಿಯೋ?"

"ಅನಿಸಿತ್ರಿ." ಶೀತಲ ಗಿಡವನ್ನು ಕೆಳಗಿಟ್ಟಳು. "ಕಳ್ಳಿ ಮೊದಲ ದಿನಾನ ಚುಚ್ಚತೈತ್ರಿ. ನೀಲವ್ವ ಹಂಗಲ್ಲ. ಮೈದುನ್ರು ಏನಂದ್ರೂ ಬಾಯಿ ಬಿಡಂಗಿಲ್ಲ. ಅಂಜ್ಯಾಳ ಅಂತ ಮಂದಿ ತಿಳೀತಾರ. ಆಕಿ ಅಂಜಿಲ್ರಿ, ಒಳಗೊಳಗ ತಯಾರ ಆಗಾಕತ್ತಾಳ."

ಹೇಳಿದ ಗಿಡವನ್ನು ಅಕ್ಕೋರು ಇದುವರೆಗೆ ಯಾರಿಗೂ ಬದಲಿಸಿಕೊಟ್ಟವರಲ್ಲ. ಎಲ್ಲರೂ ಅವರ ಮುಖವನ್ನೇ ನೋಡಿದರು.

"ಬಾಯಿಲೆ ಹೇಳಿದ್ರ ಆತೇನು? ಮಾಡಿ ತೋರಸು. ಕಡೀ ಸೀನ್."

ದಾನೇಶ್ವರಿ ಸೀರೆಯ ಸೆರಗು ಸೊಂಟಕ್ಕೆ ಬಿಗಿದು ಎದುರು ಬಂದಳು. "ಗಾಡಿ ಬಂದೈತಿ. ಗಂಟು ಕಟ್ಟು. ನಡಿ ನಿನ್ನ ತವರಿಗೆ!"

ಇಷ್ಟು ದಿನ ಇಲ್ಲಿ ಶೀತಲ ಕೂಗಾಡುತ್ತಿದ್ದಳು. ಇಂದು ಕೂಗಲಿಲ್ಲ. ತಲೆ ತಗ್ಗಿಸಿ ಕುಳಿತೇ ಇದ್ದಳು. ದಾನೇಶ್ವರಿ ಇನ್ನೊಮ್ಮೆ ಗದರಿದಳು. ಆಗ ಶೀತಲ ನಿಧಾನವಾಗಿ ಎದ್ದು, ಕಣ್ಣೆತ್ತಿ, ಮೆಲ್ಲಗೆ ಅಂದಳು:

"ಮೀ ನಾಹೀ ಜಾಣಾರ."

ನಾನು ಹೋಗುವುದಿಲ್ಲ ಎಂಬ ಮಾತು ಮರಾಠಿಯಲ್ಲಿ ಬಂದುಬಿಟ್ಟಿತ್ತು. ಅದು ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ. ಮುಂದೆ ನುಗ್ಗಬೇಕಿದ್ದ ದಾನೇಶ್ವರಿ ತನಗೇ ಅರಿವಿಲ್ಲದೆ ಹಿಂದೆ ಸರಿದಳು.

ಶೀತಲ ಬಾಯಿಗೆ ಕೈ ಅಡ್ಡ ಹಿಡಿದಳು. "ತಪ್ಪಾತ್ರಿ ಅಕ್ಕೋರ." ಪಾತ್ರ ಹೋಯಿತು ಎಂದುಕೊಂಡಳು.

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ತಪ್ಪು ನಂದವಾ. ಬರದಾಕಿ ನಾನು, ನೀಲವ್ವನ ತವರು ಯಾವುದು ಅಂತ ನನಗ ಗೊತ್ತಿರಲಿಲ್ಲ. ಎಲ್ಲಾರೂ ಕೇಳ್ರಿ, ನೀಲವ್ವ ಮರಾಠಿ ಮನೀ ಮಗಳು. ಆ ಮಾತು ಆಕಿ ಹಿಂಗಽ ಅನ್ನಾಕಿ. ಗಿಡಾನೂ ಈ ಮೊಗ್ಗಿಂದಽ ಇರಲಿ."

ಶೀತಲಳಿಗೆ ಅಳು ತಡೆಯಲಾಗಲಿಲ್ಲ. ದಾನೇಶ್ವರಿ ಅವಳ ರಟ್ಟೆ ಹಿಡಿದು ಎಳೆದಳು.

"ಅಳಬ್ಯಾಡ ಬೇ, ಇನ್ನೊಮ್ಮೆ ಮಾಡೂನು. ಈ ಸಲ ನಾ ಅಷ್ಟ ಸರಳ ಹಿಂದ ಸರಿಯಂಗಿಲ್ಲ."