ಊದು, ನಿಲ್ಲಿಸು, ಕಾಯು

ಪುಟ್ಟ ಮಕ್ಕಳ ಬೆಳವಣಿಗೆಯ ಕೇಂದ್ರದಲ್ಲಿ ಅವಳೇ ಎಲ್ಲರಿಗಿಂತ ಹಿರಿಯ ಥೆರಪಿಸ್ಟ್. ಮಾತು ಬಾರದ, ಮುಖ ಕೊಟ್ಟು ನೋಡದ, ಹೆಜ್ಜೆ ಇಡಲು ತಡವಾದ ಮಕ್ಕಳನ್ನು ತಾಯಂದಿರು ಸೊಂಟದ ಮೇಲೆ ಹೊತ್ತು ತರುತ್ತಿದ್ದರು. ಅವಳು ದಪ್ಪ ಫೋಮಿನ ಚಾಪೆಯ ಮೇಲೆ ಆ ಮಕ್ಕಳ ಎದುರು ಕೂತು ಆಡುತ್ತಿದ್ದಳು. ನೋಡಿದವರಿಗೆ ಅದು ಬರೀ ಆಟ. ಅವಳ ಎರಡೂ ಮಂಡಿ ಸವೆದದ್ದು ಆ ಆಟದಲ್ಲೇ.

ಅಲ್ಲಿ ಎಲ್ಲರೂ ಅವಳನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದರು. ಆ ಹೆಸರು ತಂದವಳು ಅವಳ ತಂಗಿಯ ಮಗಳು. ತಂಗಿ ಕೆಲಸಕ್ಕೆ ಹೋಗುತ್ತಿದ್ದ ವರ್ಷಗಳಲ್ಲಿ ಆ ಹುಡುಗಿ ಶಾಲೆ ಬಿಟ್ಟೊಡನೆ ನೇರ ಕೇಂದ್ರಕ್ಕೆ ಬಂದು, ಬ್ಯಾಗು ಮೂಲೆಗೆಸೆದು, "ದೊಡ್ಡಮ್ಮಾ, ಹೊಟ್ಟೆ ಹಸೀತಿದೆ" ಎಂದು ರಾಗ ಎಳೆಯುತ್ತಿದ್ದಳು. ಮೊದಲು ಆಯಾ, ಆಮೇಲೆ ಕಿರಿಯ ಥೆರಪಿಸ್ಟರು, ಕೊನೆಗೆ ಮಕ್ಕಳ ತಂದೆತಾಯಿಯರೂ ಹಾಗೆಯೇ ಕರೆಯತೊಡಗಿದರು. ಆ ಹುಡುಗಿಗೆ ಓದು ಹೇಳಿಕೊಟ್ಟದ್ದು, ಜಡೆ ಹೆಣೆದದ್ದು, ಮೊದಲ ಸಲ ಯಾರನ್ನೋ ಇಷ್ಟಪಟ್ಟು ಅತ್ತಾಗ ಮೂಗು ಒರೆಸಿದ್ದು ಎಲ್ಲ ದೊಡ್ಡಮ್ಮನೇ.

ಹುಡುಗಿ ಬೆಳೆದಳು, ಮದುವೆಯಾದಳು, ಅವಳಿಗೊಂದು ಹೆಣ್ಣು ಮಗುವಾಯಿತು. ಮನೆಯವರು ಮಗುವನ್ನು ಗುಬ್ಬಿ ಎಂದು ಕರೆದರು.

ಗುಬ್ಬಿಗೆ ಒಂದೂವರೆ ವರ್ಷವಾಗಿದ್ದಾಗ ಒಂದು ಭಾನುವಾರ ಮಧ್ಯಾಹ್ನ ದೊಡ್ಡಮ್ಮ ತಂಗಿಯ ಮನೆಗೆ ಹೋದಳು. ಮಗಳೂ ಮಗುವೂ ಅಲ್ಲೇ ಇದ್ದರು. ಗುಬ್ಬಿ ಗೋಡೆಯ ಬದಿ ಕೂತು ಸ್ಟೀಲಿನ ತಟ್ಟೆಯೊಂದನ್ನು ನೆಲದ ಮೇಲೆ ಗಿರಗಿರನೆ ತಿರುಗಿಸುತ್ತಿದ್ದಳು. ತಟ್ಟೆ ನಿಂತರೆ ಮತ್ತೆ ತಿರುಗಿಸುವುದು.

"ಗುಬ್ಬೀ, ಯಾರು ಬಂದಿದ್ದಾರೆ ನೋಡು," ಎಂದಳು ತಾಯಿ. ಮಗು ನೋಡಲಿಲ್ಲ. ಅಜ್ಜಿ ಕರೆದರೂ ನೋಡಲಿಲ್ಲ. ಆದರೆ ಅಡುಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಸದ್ದಾದದ್ದೇ ತಡ, ಎದ್ದು ಓಡಿತು. ಡಬ್ಬಿ ಎತ್ತರದಲ್ಲಿತ್ತು. ಹಿಂದೆಯೇ ಬಂದಿದ್ದ ದೊಡ್ಡಮ್ಮನ ಮಣಿಕಟ್ಟು ಹಿಡಿದು, ಆ ಕೈಯನ್ನು ಸೌಟು ಎತ್ತಿದಂತೆ ಎತ್ತಿ ಡಬ್ಬಿಯ ಕಡೆ ದೂಡಿತು. ಮುಖ ಎತ್ತಿ ಇವಳು ಯಾರೆಂದು ನೋಡಲಿಲ್ಲ. ಕೈಗೊಬ್ಬಳು ಒಡತಿ ಇದ್ದಾಳೆಂಬುದೇ ಅದಕ್ಕೆ ಬೇಕಿರಲಿಲ್ಲ.

ಬೇರೆಯವರ ಮಗುವಾಗಿದ್ದರೆ ಮಾತು ತಾನಾಗಿ ಬರುತ್ತಿತ್ತು. ಇಲ್ಲಿ ಸಂಜೆಯವರೆಗೂ ಅವಳು ಮಾತು ಮುಂದೂಡಿದಳು. ಹೊರಡುವ ಮುನ್ನ ತಂಗಿಯ ಮಗಳನ್ನು ಬಾಲ್ಕನಿಗೆ ಕರೆದಳು.

"ಮೊದಲು ಕಿವಿ ತೋರಿಸೋಣ. ಆಮೇಲೆ ಕೇಂದ್ರಕ್ಕೆ ಕರ್ಕೊಂಡು ಬಾ. ನಾನು ನೋಡೋದು ಬೇಡ, ಬೇರೆ ಯಾರಾದ್ರೂ ನೋಡ್ಲಿ. ಈಗ್ಲೇ ಶುರು ಮಾಡಿದ್ರೆ ಒಳ್ಳೇದು ಕಣೆ."

"ಏನು ಶುರು ಮಾಡೋದು?"

"ಕರೆದ್ರೆ ತಿರುಗಲ್ಲ. ಬೇಕಾದ್ದನ್ನ ಬೆರಳು ಮಾಡಿ ತೋರಿಸಲ್ಲ. ನಿನಗೂ ಅನ್ಸಿರ್ಬೇಕು."

ಅವಳು ಉತ್ತರಿಸುವ ಮೊದಲೇ ತಂಗಿ ಬಾಗಿಲಿಗೆ ಬಂದು ನಿಂತಿದ್ದಳು. "ಅಕ್ಕ, ನಿನ್ನ ಕಣ್ಣಿಗೆ ಯಾವ ಮಗು ಸರಿಯಾಗಿ ಕಂಡಿದೆ ಹೇಳು? ಈ ನನ್ನ ಮಗಳೂ ಮೂರು ವರ್ಷದವರೆಗೆ ಮಾತಾಡಿರ್ಲಿಲ್ಲ."

"ಇವಳಾ? ಇವಳು ಒಂದೂವರೆಗೇ ನನ್ನ ತಲೆ ತಿಂತಿದ್ಲು."

ತಂಗಿಯ ಮಗಳು ಇಬ್ಬರ ನಡುವೆ ಬಂದು ನಿಂತಳು. "ನಿನ್ನ ಕೆಲಸ ಅಲ್ಲೇ ಇರ್ಲಿ ದೊಡ್ಡಮ್ಮ," ಎಂದಳು. "ಇಲ್ಲಿಗೆ ಅಜ್ಜಿಯಾಗಿ ಬರೋದಾದ್ರೆ ಬಾ. ಇಲ್ಲದಿದ್ರೆ ಬೇಡ."

ಆಮೇಲೆ ದೊಡ್ಡಮ್ಮ ಫೋನ್ ಮಾಡಿದಾಗಲೆಲ್ಲ ಮಗು ಮಲಗಿರುತ್ತಿತ್ತು, ಇಲ್ಲವೇ ನೆಗಡಿ, ಇಲ್ಲವೇ ಎಲ್ಲರೂ ಹೊರಗೆ ಹೊರಟಿರುತ್ತಿದ್ದರು. ಕ್ರಮೇಣ ತಂಗಿಯೂ ಫೋನ್ ಎತ್ತುವುದು ಬಿಟ್ಟಳು. ದಿನವಿಡೀ ಊರವರ ಮಕ್ಕಳ ಬಾಯಿಂದ ಒಂದೊಂದು ಅಕ್ಷರ ಹೊರಡಿಸಿ ಮನೆಗೆ ಬಂದು, ಅವಳು ಗುಬ್ಬಿಯ ತಿಂಗಳುಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಕಳೆದುಹೋಗುತ್ತಿರುವುದು ಎಂಥ ಕಾಲವೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವಳಿಗೆ ಚೆನ್ನಾಗಿ ಗೊತ್ತಿತ್ತು, ಆದರೆ ಆ ಬಾಗಿಲು ಮುಚ್ಚಿತ್ತು.

ವರ್ಷ ಕಳೆದ ಮೇಲೆ ಅವಳ ಶಿಷ್ಯೆಯಿಂದ ಒಂದು ವಿಡಿಯೋ ಬಂತು. ಈ ಶಿಷ್ಯೆ ಅವಳ ಕೈಕೆಳಗೆ ಕೆಲಸ ಕಲಿತು, ಊರಿನ ಇನ್ನೊಂದು ತುದಿಯಲ್ಲಿ ಸ್ವಂತ ಕೇಂದ್ರ ತೆರೆದಿದ್ದವಳು. "ಮೇಡಂ, ಒಂದು ಕೇಸಲ್ಲಿ ತಿಂಗಳುಗಟ್ಟಲೆ ಒಂದಿಷ್ಟೂ ಮುಂದೆ ಹೋಗ್ತಿಲ್ಲ. ಸ್ವಲ್ಪ ನೋಡಿ ಹೇಳ್ತೀರಾ?" ಎಂದು ಬರೆದಿದ್ದಳು. ವಿಡಿಯೋದಲ್ಲಿ ಮಗುವಿನ ಮುಖ ಕಾಣದಂತೆ ಮರೆಮಾಡಿದ್ದಳು. ಕಂಡದ್ದು ಬೆನ್ನು, ಭುಜ, ಕೈ. ಆ ಕೈ ಪ್ಲಾಸ್ಟಿಕ್ ತಟ್ಟೆಯೊಂದನ್ನು ನೆಲದ ಮೇಲೆ ತಿರುಗಿಸುತ್ತಿತ್ತು. ಕೊನೆಯಲ್ಲಿ ದೂರದಿಂದ ಹೆಂಗಸೊಬ್ಬಳ ಸ್ವರ ಕೇಳಿಸಿತು: "ಸಾಕು ಬಾ, ಮನೆಗೆ ಹೋಗೋಣ."

ಬೆನ್ನ ಹಿಂದೆ ಕೂತು ಜಡೆ ಹೆಣೆಯುತ್ತ ವರ್ಷಗಟ್ಟಲೆ ಕೇಳಿದ, ತಂಗಿಯ ಮಗಳ ಸ್ವರ ಅದು. ದೊಡ್ಡಮ್ಮ ಫೋನನ್ನು ಮೇಜಿನ ಮೇಲಿಟ್ಟಳು. ಆ ಗಳಿಗೆ ಅವಳಲ್ಲಿ ಮೊದಲು ಎದ್ದದ್ದು ಮರುಕವಲ್ಲ. ನಾನು ಹೇಳಿರಲಿಲ್ಲವೇ ಎಂಬ ಮಾತು ಎದ್ದಿತು, ಬೆಚ್ಚಗೆ, ಗೆದ್ದವರ ಮಾತಿನ ಹಾಗೆ. ಅದು ಬಂದ ದಾರಿ ಕಂಡು ಅವಳಿಗೇ ಅಸಹ್ಯವಾಯಿತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಮನೆಯವರು ಶಿಷ್ಯೆಗೆ ಏನು ಹೇಳಿರಬೇಕೆಂದು ಊಹಿಸುವುದು ಕಷ್ಟವಿರಲಿಲ್ಲ. ದೊಡ್ಡಮ್ಮನಿಗೆ ಗೊತ್ತಾಗಕೂಡದು, ಅಷ್ಟೆ. ಶಿಷ್ಯೆಗೆ ಆ ಮಾತು ಮುರಿಯಲು ಧೈರ್ಯವಿಲ್ಲ, ಮಗುವನ್ನು ಹಾಗೇ ಬಿಡಲು ಮನಸ್ಸಿಲ್ಲ. ದೊಡ್ಡಮ್ಮ ಫೋನ್ ಮಾಡಿದಳು. ಮಗು ಯಾರದೆಂದು ಕೇಳಲಿಲ್ಲ.

"ನೀನು ಬಾಯಿ ಮುಚ್ಚೋದೇ ಇಲ್ಲವಲ್ಲೇ. 'ಚೆಂಡು ನೋಡು, ಕೆಂಪು ಚೆಂಡು, ಕೊಡು ಚೆಂಡು.' ಅವಳು ಬಾಯಿ ಬಿಡೋಕೆ ಸಂದೇ ಇಲ್ಲ. ಸೋಪಿನ ಗುಳ್ಳೆ ಊದು. ಊದಿ ನಿಲ್ಲಿಸಿಬಿಡು. ಸುಮ್ನೆ ಕಾಯು."

"ಎಷ್ಟು ಹೊತ್ತು ಕಾಯ್ಲಿ ಮೇಡಂ?"

"ನಿನಗೆ ಮುಜುಗರ ಆಗುತ್ತಲ್ಲ, ಅದಕ್ಕಿಂತ ಇನ್ನೂ ಸ್ವಲ್ಪ ಹೊತ್ತು. ಕೈ ಎಳೆದ್ರೆ ಊದಬೇಡ. ಮುಖ ನೋಡಿದ್ರೆ ಊದು. ಕಣ್ಣು ಹಾಯಿಸಿದ್ರೂ ಸಾಕು, ತಕ್ಷಣ ಊದು."

ಹೀಗೆ ಇಬ್ಬರೂ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ನಡೆದುಕೊಂಡರು. ವಾರಕ್ಕೊಮ್ಮೆ ವಿಡಿಯೋ ಬರುತ್ತಿತ್ತು. 'ನಿನ್ನ ಕೇಸು' ಎಂದು ಇವಳು, 'ಆ ಮಗು' ಎಂದು ಅವಳು. ತೆಗೆಯಲು ಬಾರದಷ್ಟು ಬಿಗಿಯಾದ ಪಾರದರ್ಶಕ ಡಬ್ಬಿಯಲ್ಲಿ ಮಗುವಿಗೆ ಇಷ್ಟದ ಆಟದ ಚಕ್ರ ಹಾಕಿಡಲು ಹೇಳಿದಳು. ಉಯ್ಯಾಲೆಯನ್ನು ಎತ್ತಿ ಹಿಡಿದು, ಮಗು ಮುಖ ನೋಡುವ ತನಕ ಬಿಡದೆ ನಿಲ್ಲಲು ಹೇಳಿದಳು. ಒಂದು ಸಂಜೆ ಬಂದ ವಿಡಿಯೋದಲ್ಲಿ ಗುಳ್ಳೆಗಳೆಲ್ಲ ಒಡೆದು ಕೋಣೆ ನಿಶ್ಶಬ್ದವಾಗಿತ್ತು. ಶಿಷ್ಯೆ ಕಾಯುತ್ತಿದ್ದಳು. ಮಗುವಿನ ಕುತ್ತಿಗೆ ನಿಧಾನವಾಗಿ ಮೇಲಕ್ಕೆ ತಿರುಗಿತು. "ಊದು," ಎಂಬ ಸಣ್ಣ, ಒರಟು ದನಿ. ಹಿಂದೆ ಎಲ್ಲೋ ತಾಯಿ ಬಿಕ್ಕಿದ್ದು ಕೇಳಿಸಿತು.

ದೊಡ್ಡಮ್ಮ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದಳು. "ಚೆನ್ನಾಗಿದೆ, ಮುಂದುವರಿಸು," ಎಂದಷ್ಟೇ ಬರೆದಳು.

ಗುಬ್ಬಿಯ ನಾಲ್ಕನೇ ಹುಟ್ಟುಹಬ್ಬಕ್ಕೆ ತಂಗಿಯಿಂದ ಕರೆ ಬಂತು. "ಬಾ ಅಕ್ಕ, ಎಷ್ಟು ದಿನ ಅಂತ ಹೀಗೆ ಇರೋದು?" ದೊಡ್ಡಮ್ಮ ಆ ರಾತ್ರಿ ಖುಷಿಗೆ ನಿದ್ದೆ ಬಾರದೆ ಹೊರಳಾಡಿದಳು. ತನ್ನನ್ನು ಏಕೆ ಕರೆದರೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು.

ನಡುಮನೆಯ ತುಂಬ ಬಲೂನು, ಮಕ್ಕಳು, ಗಲಾಟೆ. ಮೂಲೆಯ ಕುರ್ಚಿಯಲ್ಲಿ ಶಿಷ್ಯೆ ಕೂತಿದ್ದಳು. ಇವಳನ್ನು ಕಂಡು ಅರ್ಧ ಎದ್ದು, ಹಾಗೆಯೇ ಕೂತಳು. ತಂಗಿಯ ಮಗಳು ಬಾಗಿಲಿಗೆ ಬಂದಳು.

"ಬನ್ನಿ ದೊಡ್ಡಮ್ಮ, ಕೂತ್ಕೊಳ್ಳಿ."

ಹುಟ್ಟಿದಂದಿನಿಂದ 'ಬಾ' ಎಂದವಳು 'ಬನ್ನಿ' ಎಂದಳು. ಮರ್ಯಾದೆ ಕೊಟ್ಟು ದೂರ ನಿಲ್ಲಿಸುವುದನ್ನು ಅವಳು ಎಲ್ಲಿ ಕಲಿತಳೋ.

ಮಗುವನ್ನು ಎಲ್ಲರ ನಡುವೆ ನಿಲ್ಲಿಸಿದರು. ಗುಬ್ಬಿ ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ತಪ್ಪಿಲ್ಲದೆ, ಗೋಡೆ ನೋಡುತ್ತ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಕಿವಿ ಮುಚ್ಚಿಕೊಂಡಳು. ಗುಬ್ಬಿಯ ಅಪ್ಪ ಎಲ್ಲರೆದುರು ಶಿಷ್ಯೆಗೆ ಶಾಲು ಹೊದಿಸಿ, "ಇವರಿಲ್ಲದಿದ್ರೆ ಈ ದಿನ ಇಲ್ಲ," ಎಂದ. ಶಿಷ್ಯೆ ನೆಲ ನೋಡುತ್ತಿದ್ದಳು.

"ಕೇಳಿದ್ರಾ ದೊಡ್ಡಮ್ಮ?" ಎಂದಳು ತಂಗಿಯ ಮಗಳು. ಅದೇ ಮಾತಿಗಾಗಿ ಬಹಳ ದಿನದಿಂದ ಕಾದಿದ್ದಂತಿತ್ತು. "ನಮ್ಮ ಮಗೂಗೆ ಏನೂ ಇರ್ಲಿಲ್ಲ. ಸ್ವಲ್ಪ ತಡ ಆಯ್ತು, ಅಷ್ಟೆ. ನಿಮ್ಮ ಮಾತು ಕೇಳಿ ನಾನು ಎಷ್ಟು ಅತ್ತಿದ್ದೀನಿ ಗೊತ್ತಾ? ಈ ತಿಂಗಳಿಗೆ ಇವರ ಹತ್ರ ಕ್ಲಾಸೆಲ್ಲ ಮುಗೀತು. ಇನ್ನು ನೇರ ಸ್ಕೂಲಿಗೆ."

ಹೌದಮ್ಮ, ಒಳ್ಳೇದಾಯ್ತು ಎಂದಿದ್ದರೆ ಆ ಮನೆಯಲ್ಲಿ ಅವಳಿಗೆ ಮತ್ತೆ ಜಾಗ ಸಿಗುತ್ತಿತ್ತು. ದೊಡ್ಡಮ್ಮ ಅತ್ತ ನೋಡಿದಳು. ಮಕ್ಕಳೆಲ್ಲ ಬಲೂನಿನ ಹಿಂದೆ ಓಡುತ್ತಿದ್ದರು. ಗುಬ್ಬಿ ಪರದೆಯ ಹಿಂದೆ ನಿಂತು ಅದೇ ಹಾಡನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಒಬ್ಬ ಹುಡುಗಿ ಬಂದು "ನಿನ್ ಹೆಸರೇನು?" ಎಂದಳು. "ನಿನ್ ಹೆಸರೇನು," ಎಂದಳು ಗುಬ್ಬಿ. ಆ ಹುಡುಗಿ ಸ್ವಲ್ಪ ಹೊತ್ತು ನಿಂತು ಹೊರಟುಹೋದಳು.

"ನಿಲ್ಲಿಸಬೇಡ ಕಣೆ," ಎಂದಳು ದೊಡ್ಡಮ್ಮ. "ಮಾತು ಬಂದಿದೆ, ಮಾತುಕತೆ ಇನ್ನೂ ಬಂದಿಲ್ಲ. ಇನ್ನೊಂದಷ್ಟು ದಿನ ಬೇಕೇ ಬೇಕು. ಬೇಕಿದ್ರೆ ಇವಳನ್ನೇ ಕೇಳು."

ಎಲ್ಲರೂ ಶಿಷ್ಯೆಯ ಕಡೆ ತಿರುಗಿದರು. ಶಾಲಿನ ಅಂಚು ಸರಿಪಡಿಸುತ್ತ ಅವಳು, "ಅದು... ನೋಡೋಣ," ಎಂದಳು.

ಬಲೂನೊಂದು ಒಡೆಯಿತು. ತಂಗಿಯ ಮಗಳು ದನಿ ಏರಿಸಲಿಲ್ಲ. "ನಿಮ್ಮ ಮಾತು ನಿಜ ಆಗ್ಲಿ ಅಂತ ಕಾಯ್ತಾ ಇದ್ರಿ. ಆಗ್ಲಿಲ್ಲ. ಅದಕ್ಕೇ ಹೊಟ್ಟೆ ಉರಿ."

"ಅಕ್ಕ, ನೀನು ಹೊರಡು," ಎಂದಳು ತಂಗಿ.

ದೊಡ್ಡಮ್ಮ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದಳು. ಮಂಡಿ ನೋವಿಗೆ ಒಂದೊಂದೇ ಮೆಟ್ಟಿಲಿಗೆ ನಿಲ್ಲಬೇಕಾಯಿತು. ಕೈ ಹಿಡಿಯಲು ಯಾರೂ ಬರಲಿಲ್ಲ.

ವಾರದ ಮೇಲೆ ಶಿಷ್ಯೆಯ ಫೋನ್ ಬಂತು. ದೊಡ್ಡಮ್ಮ ಆಗಷ್ಟೇ ಒಂದು ಮಗುವನ್ನು ಕಳಿಸಿ ಚಾಪೆ ಒರೆಸುತ್ತಿದ್ದಳು.

"ಮೇಡಂ, ನಾನು ಗುಬ್ಬಿ ಅಮ್ಮನಿಗೆ ಎಲ್ಲಾ ಹೇಳ್ಬಿಟ್ಟೆ. ಹೇಳ್ಕೊಟ್ಟಿದ್ದೆಲ್ಲ ನೀವೇ ಅಂದೆ. ಆ ದಿನ ಬಾಯಿ ಬರ್ಲಿಲ್ಲ, ಕ್ಷಮಿಸಿ."

"ಏನಂದ್ಲು?"

"'ಹಾಗಾದ್ರೆ ಇಷ್ಟು ದಿನ ನಮ್ಮ ಮಗೂನ ಕದ್ದು ನೋಡ್ತಿದ್ರಾ' ಅಂದ್ರು. ನನ್ನನ್ನೂ ಬಿಡ್ತಾರೆ ಅಂದ್ಕೊಂಡೆ. ಆದ್ರೆ ನಿನ್ನೆ ಬಂದು, ಕ್ಲಾಸು ಮುಂದುವರಿಸ್ತೀವಿ, ಇನ್ಮೇಲೆ ವಿಡಿಯೋ ಕಳಿಸಬಾರದು, ನಿಮ್ಮ ಹತ್ರ ಏನೂ ಕೇಳಬಾರದು ಅಂದ್ರು. ಇರೋದನ್ನೂ ಅಳಿಸಿಬಿಡಬೇಕಂತೆ. ನಾನು ಒಪ್ಕೊಂಡೆ ಮೇಡಂ."

"ಒಪ್ಕೊಂಡಿದ್ದು ಸರಿ," ಎಂದಳು ದೊಡ್ಡಮ್ಮ. ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಳು. "ಈಗ ಕೇಳು. ಇನ್ನೊಂದು ಮಗೂನ ಕೋಣೆಗೆ ತಗೋ. ಒಂದೇ ಒಂದು, ಹೆಚ್ಚು ಬೇಡ, ಗಲಾಟೆ ಮಾಡದ್ದು. ಇಬ್ಬರ ಮಧ್ಯೆ ಒಂದೇ ಚೆಂಡು. ನೀನು ಪ್ರಶ್ನೆ ಕೇಳ್ಬೇಡ, ಕೇಳಿದ್ರೆ ಅವಳು ಅದನ್ನೇ ತಿರುಗಿ ಹೇಳ್ತಾಳೆ. ಹಾಡನ್ನ ಅರ್ಧಕ್ಕೆ ನಿಲ್ಲಿಸು..."

"ಮೇಡಂ, ನಾನು ಕೇಳೋ ಹಾಗಿಲ್ಲ."

"ನೀನೆಲ್ಲಿ ಕೇಳಿದೆ? ನಾನೇ ಹೇಳ್ತಿದ್ದೀನಿ. ಬರ್ಕೋ."

ಮುಂದಿನ ಒಂದು ವರ್ಷಕ್ಕೆ ಬೇಕಾದದ್ದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿದಳು. ಫೋನಿಟ್ಟ ಮೇಲೆ ವಿಡಿಯೋಗಳನ್ನು ಒಂದೊಂದಾಗಿ ಅಳಿಸಿದಳು. ಯಾವುದನ್ನೂ ಇನ್ನೊಮ್ಮೆ ನೋಡಲಿಲ್ಲ, ನೋಡಿದ್ದರೆ ಅಳಿಸಲು ಆಗುತ್ತಿರಲಿಲ್ಲ.

ಗುಬ್ಬಿ ಮರುವರ್ಷ ಶಾಲೆಗೆ ಸೇರಿದಳೆಂದು ಪರಿಚಯದವರೊಬ್ಬರು ಹೇಳಿದರು. ಗೆಳತಿಯೊಬ್ಬಳಿದ್ದಾಳಂತೆ, ಇಬ್ಬರೂ ಕೈ ಹಿಡಿದೇ ತರಗತಿಗೆ ಹೋಗುತ್ತಾರಂತೆ. "ಮೊಮ್ಮಗಳು ಜೋರಾಗಿದ್ದಾಳೆ ಬಿಡಿ. ನೀವೇ ತಿದ್ದಿದ್ದಿರಬೇಕು, ಅಲ್ವಾ?" ಎಂದು ಕೇಳಿದರು.

"ನಾನು ಆ ಮಗೂನ ಸರಿಯಾಗಿ ನೋಡಿಯೇ ಇಲ್ಲ," ಎಂದಳು ದೊಡ್ಡಮ್ಮ.