ಭಾಸ್ಕರ ಮೊಗೇರನ ಮೂಗು

ಮಂಕಿ ಊರಿನ ಭಾಸ್ಕರ ಮೊಗೇರ ಯಾವುದನ್ನೂ ಮೂಸದೆ ನಂಬಿದವನಲ್ಲ. ಚಹಾ ಕೊಟ್ಟರೆ ಲೋಟವನ್ನು ಮೂಗಿನವರೆಗೆ ಎತ್ತಿ, ಕೊಟ್ಟವರ ಮುಖವನ್ನೊಮ್ಮೆ ನೋಡಿ, ಆಮೇಲಷ್ಟೇ ತುಟಿಗೆ ತರುತ್ತಿದ್ದ; ಮಗಳು ಸುಚಿತಾಳ ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ಅದನ್ನೂ ಮೂಸಿದ. ನಲವತ್ತು ವರ್ಷ ಕಡಲಗಾಳಿಯನ್ನು ಮೂಸಿಯೇ ದೋಣಿ ನಡೆಸಿದ ಆ ಮಹಾನಾಸಿಕಕ್ಕೆ ನೆಲದ ಮೇಲಿನ ಮನುಷ್ಯರಿಂದೆಲ್ಲ ಮೋಸದ ವಾಸನೆಯೇ ಬಡಿಯುತ್ತಿತ್ತು.

ಇಂಥವನ ಬಳಿ ಇಪ್ಪತ್ತೈದು ವರ್ಷ ಹಳೆಯ ಕೆಂಪು ಕಾರೊಂದಿತ್ತು. ಹೆದ್ದಾರಿಯಲ್ಲಿ ಅದು ಐರಾವತ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮಾತ್ರ ಗಡಗಡ ನಡುಗಿ, ಹೊಗೆ ಉಗುಳಿ, ನಿಂತಲ್ಲೇ ಪ್ರಾಣ ಬಿಡುತ್ತಿತ್ತು. ಮದುವೆಯ ದಿನ ಇಡಗುಂಜಿಯಲ್ಲಿ ಮದುಮಗಳ ಕಾರು ವಾಲಗದ ಹಿಂದೆ ನಡಿಗೆಯ ವೇಗದಲ್ಲಿ ಸಾಗಬೇಕು. ಗಂಡಿನ ಕಡೆಯವರು ತಮ್ಮ ಹೊಸ ಗಾಡಿ ಕಳಿಸುತ್ತೇವೆಂದಾಗ, “ನನ್ನ ಮಗಳು ನನ್ನ ಕಾರಲ್ಲೇ ಬರೂದು” ಎಂದು ಭಾಸ್ಕರ ಎಲ್ಲರೆದುರು ಶಪಥ ಮಾಡಿಬಿಟ್ಟಿದ್ದ. ಉಳಿದದ್ದು ಐದೇ ದಿನ.

ಸಂಶಯದ ದಂಡಯಾತ್ರೆ ಹೊರಟಿತು. ಭಟ್ಕಳದಿಂದ ಕುಮಟೆಯವರೆಗಿನ ಪೆಟ್ರೋಲ್ ಬಂಕುಗಳೆಲ್ಲ ಆರೋಪಿಗಳಾದವು. ಬಂಕಿನ ಮೀಟರನ್ನು ಅವನು ಎಂದೂ ನಂಬಿರಲಿಲ್ಲ. ಸದಾ ತನ್ನದೇ ಕ್ಯಾನಿಗೆ ಹಾಕಿಸಿ, ಬೆಳಕಿಗೆ ಹಿಡಿದು, ಮೂಸಿ, ಮನೆಯಲ್ಲಿ ತಾನೇ ಟ್ಯಾಂಕಿಗೆ ಸುರಿಯುತ್ತಿದ್ದ. ಬಂಕುಗಳು ತೀರಿದ ಮೇಲೆ ಹೊನ್ನಾವರದ ಮೆಕ್ಯಾನಿಕ್ ಅನೂಪನ ಸರದಿ. ಅವನು ಎರಡು ಸಲ ಕಾರ್ಬೊರೇಟರ್ ತೊಳೆದು, ಪ್ಲಗ್ ಬದಲಿಸಿಕೊಟ್ಟಿದ್ದ. ಎರಡು ಸಲವೂ ಒಂದು ಕ್ಯಾನ್ ಪೆಟ್ರೋಲ್ ಸುರಿದ ಮೇಲೆ ಕಾರು ಹಳೆಯ ಚಾಳಿಗೇ ಮರಳಿತ್ತು. ಮೂರನೆಯ ಸಲ ಭಾಸ್ಕರ ಅದನ್ನು ಅವನ ಗ್ಯಾರೇಜಿನೆದುರು ತಂದು ನಿಲ್ಲಿಸಿದ.

“ಒಳಗಿಂದ ಎಂತ ಕಿತ್ಕಂಡೆ, ಹೇಳ್ಬಿಡು. ಮಗಳ ಮದ್ವೆ ಅದೆ.”

“ಭಾಸ್ಕರಣ್ಣ, ಇದರೊಳಗೆ ಕಿತ್ಕಂಬೂಕೆ ಎಂತ ಉಳ್ದದೆ?” ಎಂದ ಅನೂಪ, ಎಣ್ಣೆಮಸಿ ಮೆತ್ತಿದ ಪ್ಲಗ್ಗನ್ನು ಎತ್ತಿ ತೋರಿಸಿ, “ನೀವು ಹಾಕೂ ಪೆಟ್ರೋಲ್ ತೋರ್ಸಿ” ಎಂದ.

ಭಾಸ್ಕರ ಡಿಕ್ಕಿಯಿಂದ ಕ್ಯಾನನ್ನು ಸಾಕ್ಷ್ಯದಂತೆ ಎತ್ತಿ ತಂದ. ಸೀರೆಗಳ ಗಂಟು ಮಡಿಲಲ್ಲಿಟ್ಟು ಹಿಂದಿನ ಸೀಟಿನಲ್ಲಿ ಕೂತಿದ್ದ ಹೆಂಡತಿ ಗಂಗೆ ಕತ್ತು ಹೊರಹಾಕಿದಳು.

“ಅದು ದೋಣಿ ಕ್ಯಾನ್ ಅಲ್ದಾ? ಇಂಜಿನ್‌ಗೆ ಸೀಮೆಎಣ್ಣೆ, ಆಯಿಲು ಕಲಸೂದು ಅದ್ರಲ್ಲೇ ಅಲ್ದಾ?”

ಕ್ಯಾನಿನ ತಳದಲ್ಲಿ ಲೀಟರಿನಷ್ಟು ಮಿಶ್ರಣ ಯಾವಾಗಲೂ ಉಳಿದಿರುತ್ತಿತ್ತು; ಪೆಟ್ರೋಲಿನ ಜೊತೆ ಅದೂ ಕಾರಿಗೆ ಇಳಿಯುತ್ತಿತ್ತು. ಭಾಸ್ಕರ ಮುಚ್ಚಳ ತೆಗೆದು ಮೂಸಿದ. ಮತ್ತೊಮ್ಮೆ ಮೂಸಿದ.

“ಎಂತ ವಾಸನೆನೂ ಇಲ್ಲ” ಎಂದ. ಸುಳ್ಳಲ್ಲ, ನಲವತ್ತು ವರ್ಷ ಅದರಲ್ಲೇ ಮಿಂದವನಿಗೆ ಸೀಮೆಎಣ್ಣೆ ಬರೀ ಗಾಳಿಯಾಗಿತ್ತು.

ಅನೂಪ ಟ್ಯಾಂಕ್ ಬರಿದುಮಾಡಿ ತೊಳೆದ. ಮದುವೆಯ ದಿನ ವಾಲಗದ ಹಿಂದೆ ಕೆಂಪು ಕಾರು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟುತ್ತ ನಡೆಯಿತು, ಒಮ್ಮೆಯೂ ನಿಲ್ಲಲಿಲ್ಲ. ನಡುದಾರಿಯಲ್ಲಿ ಭಾಸ್ಕರ ಕಿಟಕಿಯಿಂದ ತಲೆ ಹೊರಹಾಕಿ, ಪಕ್ಕದಲ್ಲಿ ನಡೆಯುತ್ತಿದ್ದ ಅನೂಪನನ್ನು ಕರೆದ.

“ಈಗ ಇಷ್ಟು ಚಂದ ಓಡ್ತದೆ. ಖರೆ ಹೇಳು, ಆವಾಗ ಕಿತ್ಕಂಡಿದ್ದು ಎಂತ?”

ಸಂಶಯವಂತರ ಕುಲವೇ ಇಂಥದು. ಲೋಕದ ಬಾಗಿಲುಗಳನ್ನೆಲ್ಲ ಮೂಸಿ ಬರುವ ಈ ಕಾವಲುಗಾರರಿಗೆ ತಮ್ಮ ಅಂಗಿಯ ವಾಸನೆಯೊಂದು ಮಾತ್ರ ತಿಳಿಯದು. ಅದನ್ನು ಹೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು, ಮತ್ತು ಅವರ ಮಾತನ್ನೂ ಇವರು ಮೂಸದೆ ನಂಬುವುದಿಲ್ಲ.