ಒಂದು ನಿಮಿಷದ ಟೆಸ್ಟ್

ಕೆಲಸದ ಚೀಟಿಯಲ್ಲಿ ರಮಾಕಾಂತ್ ಎಂಬ ಹೆಸರು ಓದಿದಾಗ ನನ್ನ ಕೈಯಲ್ಲಿ ವೈರ್ ಕಟ್ಟರ್ ಇತ್ತು. ಅದನ್ನು ಕೆಳಗಿಟ್ಟು ಇನ್ನೊಮ್ಮೆ ಓದಿದೆ. ಬ್ರಿಸ್ಬೇನ್ ಮತ್ತು ಅಡಿಲೇಡ್‌ನಲ್ಲಿ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ಕಂಪನಿ. ಈಗ ಪರ್ತ್‌ನಲ್ಲೂ ಶುರು. ಹೊಸ ಶಾಖೆಯ ಮೊದಲ ಪಿಕಪ್ ಗಾಡಿಗೆ ಟೂ-ವೇ ರೇಡಿಯೊ ಕೂರಿಸಬೇಕು. ಅವನೇ.

ಎರಡು ವರ್ಷದ ಹಿಂದೆ ನನ್ನ ಮಗಳು ಪೂರ್ವಿ ಬ್ರಿಸ್ಬೇನ್‌ನಲ್ಲಿ ಓದುತ್ತಾ ಶನಿವಾರ, ಭಾನುವಾರ ಇವನ ಗಾಡಿ ಓಡಿಸುತ್ತಿದ್ದಳು. ಅಲ್ಲಿನ ಫಾರೆಸ್ಟ್ ಲೇಕ್ ಬಡಾವಣೆಯ ಕೆರೆ ಪಕ್ಕದ ತಿರುವಿನಲ್ಲಿ ಒದ್ದೆ ರಸ್ತೆಗೆ ಗಾಡಿ ಜಾರಿ ಮರಕ್ಕೆ ಬಡಿಯಿತು. ಪಕ್ಕದ ಸೀಟಿನಲ್ಲಿ ನಿದ್ದೆ ಹೋಗಿದ್ದ, ಅದೇ ಕಂಪನಿಯಲ್ಲಿ ಕೆಲಸಕ್ಕಿದ್ದ ಅವಳ ಗೆಳೆಯ ವರುಣನ ಕಾಲು ಮೂರು ಕಡೆ ಮುರಿಯಿತು. ಟೈರು ಸವೆದಿದೆ ಎಂದು ಪೂರ್ವಿ ಹಿಂದಿನ ದಿನವೇ ಇವನಿಗೆ ಫೋನ್ ಮಾಡಿ ಹೇಳಿದ್ದಳು. ಇವನು ಆಸ್ಪತ್ರೆಗೆ ಬಂದು, ವರುಣನ ಮಂಚದ ಪಕ್ಕ ನಿಂತು, ಹುಡುಗಿ ಮೊಬೈಲ್ ನೋಡುತ್ತಾ ಓಡಿಸಿದಳು ಎಂದ. ಅಲ್ಲಿನ ಕನ್ನಡದವರೆಲ್ಲ ನಂಬಿದರು. ವರುಣನೂ ನಂಬಿದ.

ಪೂರ್ವಿ ಓದು ಬಿಟ್ಟು ಪರ್ತ್‌ನ ವಿಲೆಟನ್‌ನಲ್ಲಿರುವ ನಮ್ಮ ಮನೆಗೆ ಬಂದಳು. ಇವತ್ತಿಗೂ ಸ್ಟಿಯರಿಂಗ್ ಮುಟ್ಟುವುದಿಲ್ಲ. ನಾನು ಕಾರು ಓಡಿಸುವಾಗ ಪಕ್ಕದಲ್ಲಿ ಕೂತು, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿರುತ್ತಾಳೆ. ಆ ಕಾಲು ಕಂಡಾಗಲೆಲ್ಲ ನನಗೆ ಇವನ ಹೆಸರು ನೆನಪಾಗುತ್ತಿತ್ತು. ಮುಖ ಮಾತ್ರ ನೋಡಿರಲಿಲ್ಲ. ಅವನೂ ನನ್ನನ್ನು ನೋಡಿರಲಿಲ್ಲ.

ಫ್ರೀಮ್ಯಾಂಟಲ್ ಬಂದರಿನ ಹತ್ತಿರದ ನಮ್ಮ ವರ್ಕ್‌ಶಾಪಿಗೆ ಅವನು ಬೆಳಿಗ್ಗೆ ಒಂಬತ್ತಕ್ಕೆ ಬಂದ. ನನ್ನ ಅಂಗಿಯ ಮೇಲೆ 'ಜಯಾ' ಎಂದಿರುವುದನ್ನು ಓದಿ ನಕ್ಕ.

"ನಮ್ಮೋರಾ?"

"ಮೈಸೂರು, ಸರ್."

"ಸರಿಹೋಯ್ತು ಬಿಡಿ. ಲೇಡೀಸು ಈ ಕೆಲಸ ಮಾಡ್ತಾರೆ ಅಂತ್ಲೇ ಗೊತ್ತಿರ್ಲಿಲ್ಲ."

"ಎಂಜಿನಿಯರಿಂಗ್ ಓದಿದ್ದು ಇದನ್ನೇ."

ಫ್ಯೂಸ್ ಒಂದನ್ನು ಸಡಿಲ ಬಿಟ್ಟರೆ ಸಾಕು, ಊರಾಚೆ ಎಲ್ಲಾದರೂ ಇವನ ದನಿ ಸತ್ತುಹೋಗುತ್ತದೆ ಎಂಬ ಯೋಚನೆ ಬಂತು. ಅದರಿಂದ ಪೂರ್ವಿಗೆ ಏನು ಸಿಗುತ್ತದೆ? ಆ ಗಾಡಿಯಲ್ಲಿ ಕೂರುವುದು ಇನ್ನಾರದೋ ಮಗು. ನನಗೆ ಬೇಕಾಗಿದ್ದುದು ಇವನ ದನಿ, ಅದೂ ಸ್ಪಷ್ಟವಾಗಿ. ಅಷ್ಟು ಚೊಕ್ಕವಾದ ಕೆಲಸ ನಾನು ಹಿಂದೆಂದೂ ಮಾಡಿಲ್ಲ. ಬ್ಯಾಟರಿಯಿಂದ ನೇರ ವೈರ್ ಎಳೆದೆ. ಬಣ್ಣ ಕೆರೆದು, ಬರೀ ಲೋಹಕ್ಕೆ ಅರ್ಥಿಂಗ್ ಕೊಟ್ಟೆ. ಆಂಟೆನಾವನ್ನು ಮುಂದಿನ ಕಬ್ಬಿಣದ ಬಾರ್‌ಗೆ ಬಿಗಿದು ಎರಡು ಸಲ ಅಲ್ಲಾಡಿಸಿ ನೋಡಿದೆ. ಇದು ಸಿಮ್ ಹಾಕುವ ರೇಡಿಯೊ. ಮೈಕಿನ ಗುಂಡಿ ಒತ್ತಿದರೆ ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರಿನ ಗಾಡಿಗಳಿಗೆ ಒಟ್ಟಿಗೇ ಕೇಳುತ್ತದೆ. ಒತ್ತಿಯೇ ಹಿಡಿದರೆ ಒಂದು ನಿಮಿಷಕ್ಕೆ ತಾನಾಗಿ ಕಡಿದುಕೊಳ್ಳುತ್ತದೆ.

ಅವನು ಕಾಫಿ ತರಲು ಹೋದಾಗ ಗುಂಡಿ ಒತ್ತಿ ಕರೆದೆ.

"ಬ್ರಿಸ್ಬೇನ್ ಡಿಪೋ, ಪರ್ತ್ ಗಾಡಿಯಿಂದ. ಕೇಳಿಸ್ತಿದ್ಯಾ?"

"ಚೆನ್ನಾಗಿ ಕೇಳಿಸ್ತಿದೆ ಮೇಡಂ. ವರುಣ ಮಾತಾಡ್ತಿರೋದು."

ಆ ವರುಣನೇ. ಕಾಲು ಮುರಿದ ಮೇಲೆ ಅವನಿಗೆ ಡಿಪೋದಲ್ಲೇ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ ಎಂದು ಯಾರೋ ಹೇಳಿದ್ದರು.

"ಅಡಿಲೇಡ್, ಪ್ರೇರಣಾ. ನಂಗೂ ಕೇಳಿಸ್ತು," ಎಂದಿತು ಇನ್ನೊಂದು ದನಿ.

"ಇನ್ನು ಸ್ವಲ್ಪ ಹೊತ್ತಿಗೆ ಒಂದು ನಿಮಿಷದ ಟೆಸ್ಟ್ ಮಾಡ್ತೀನಿ. ಯಾರೂ ದೂರ ಹೋಗ್ಬೇಡಿ."

ರಮಾಕಾಂತ್ ಬಂದು ಡ್ರೈವರ್ ಸೀಟಿನಲ್ಲಿ ಆರಾಮಾಗಿ ಕೂತ. ನಾನು ಪಕ್ಕದಲ್ಲಿ, ಮೈಕು ನನ್ನ ತೊಡೆಯ ಮೇಲೆ.

"ನಿಮ್ಮಲ್ಲಿ ಎಲ್ಲಾ ಕನ್ನಡ ಮಕ್ಕಳೇನಾ, ಸರ್?"

"ಎಲ್ಲಾ ನಮ್ಮ ಸ್ಟೂಡೆಂಟ್ಸೇ. ಬೇರೆಯವ್ರನ್ನ ನಾನು ಇಟ್ಕೊಳಲ್ಲ. ಕಸ್ಟಮರ್ ಎದುರಿಗೇ ಬೈದ್ರೂ ಕಸ್ಟಮರ್‌ಗೆ ಗೊತ್ತಾಗಲ್ಲ ನೋಡಿ."

"ನಿಮ್ಮನ್ನ ಒಂದು ಮಾತು ಕೇಳ್ಲಾ?" ಎಂದೆ. ಹೆಬ್ಬೆರಳು ಗುಂಡಿಯನ್ನು ಒತ್ತಿತು. "ನಮ್ಮ ಗಾಡಿ ಒಂದು ಮೊನ್ನೆ ಗುದ್ದಿಬಿಡ್ತು. ಟೈರ್ ಸವೆದಿತ್ತು, ಡ್ರೈವರ್ ಮೊದ್ಲೇ ಹೇಳಿದ್ದ. ನಮ್ಮ ವರ್ಕ್‌ಶಾಪ್ ಓನರ್‌ಗೆ ಈಗ ಹೆದರಿಕೆ. ಏನ್ ಮಾಡ್ಬೇಕು ಅಂತ್ಲೇ ಗೊತ್ತಾಗ್ತಿಲ್ಲ."

ಸಲಹೆ ಕೇಳಿದರೆ ಕೊಡದೆ ಇರುವವನಲ್ಲ ಎಂಬುದು ಬೆಳಿಗ್ಗೆಯಿಂದಲೇ ಗೊತ್ತಾಗಿತ್ತು.

"ಬರೆದು ಹೇಳಿದ್ನಾ, ಬಾಯಲ್ಲಾ?"

"ಬಾಯಲ್ಲೇ. ಫೋನಲ್ಲಿ."

"ಮತ್ಯಾಕೆ ಹೆದ್ರಿಕೆ? ಮೊಬೈಲ್ ನೋಡ್ತಿದ್ದ ಅಂತ ಹೇಳಿಬಿಡಿ. ಈ ಕಾಲದ ಹುಡುಗರು, ಎಲ್ಲಾರೂ ನಂಬ್ತಾರೆ. ನಾನೂ ಅದನ್ನೇ ಮಾಡಿದ್ದು, ಫಾರೆಸ್ಟ್ ಲೇಕ್‌ನಲ್ಲಿ."

ನಿಮಿಷ ಮುಗಿಯಲು ಇನ್ನು ಇಪ್ಪತ್ತು ಸೆಕೆಂಡ್ ಇರಬಹುದು.

"ಆ ಹುಡುಗಿ ನಿಜವಾಗ್ಲೂ ನೋಡ್ತಿರ್ಲಿಲ್ವಾ?"

"ಪೂರ್ವೀನಾ? ಅದು ಪಾಪದ್ದು. ಎರಡು ಕೈಯಲ್ಲಿ ಸ್ಟಿಯರಿಂಗ್ ಹಿಡ್ಕೊಂಡು ಮುದುಕಿ ಥರ ಓಡಿಸ್ತಿತ್ತು. ಟೈರ್ ಹೋಗಿದೆ ಸರ್ ಅಂತ ಹಿಂದಿನ ದಿನ ಹೇಳಿತ್ತು ಕೂಡ. ಆಸ್ಪತ್ರೇಲಿದ್ದ ಹುಡುಗನಿಗೆ ಮೊದ್ಲು ನಾನೇ ಹೋಗಿ ಹೇಳ್ದೆ. ಮೊದ್ಲು ಹೇಳಿದ್ದೇ ನಿಲ್ಲೋದು ಮೇಡಂ, ನೆನಪಿಟ್ಕೊಳ್ಳಿ."

ಟಿಕ್ ಎಂದು ರೇಡಿಯೊ ತಾನೇ ಕಡಿದುಕೊಂಡಿತು. ಅವನು ಕಾಫಿ ಹೀರುತ್ತಿದ್ದ. ನಾನು ಮೈಕನ್ನು ಎತ್ತಿ ಅದರ ಕೊಕ್ಕೆಗೆ ಸಿಕ್ಕಿಸಿದೆ. ಅವನ ಕಣ್ಣು ಮೈಕನ್ನು ನೋಡಿತು, ಆಮೇಲೆ ನನ್ನ ಹೆಬ್ಬೆರಳನ್ನು.

"ಅದು ಆನ್ ಇತ್ತಾ?"

ಉತ್ತರ ರೇಡಿಯೊದಿಂದಲೇ ಬಂತು.

"ಅಡಿಲೇಡ್," ಎಂದಳು ಪ್ರೇರಣಾ. "ಪೂರ್ತಿ ಕೇಳಿಸ್ತು, ಸರ್. ಮುದುಕಿ ಅಂದಿದ್ದೂ ಕೇಳಿಸ್ತು."

ಅವನು ಕಪ್ಪನ್ನು ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ಇದ್ದ. "ಬಿಚ್ರೀ ಇದನ್ನ. ಈಗ್ಲೇ ಬಿಚ್ರೀ."

"ಬಿಚ್ಚೋಕೆ ಬೇರೆ ಬುಕಿಂಗ್ ಮಾಡ್ಬೇಕು, ಸರ್. ಮುಂದಿನ ಗುರುವಾರ ಖಾಲಿ ಇದೆ."

"ಯಾರ್ರೀ ನೀವು?"

"ಆ ಪಾಪದ ಹುಡುಗಿಯ ಅಮ್ಮ."

ಅವನು ಇಳಿದು ಬಾಗಿಲು ಬಡಿದು ಅಂಗಳದ ಆ ತುದಿಗೆ ಹೋದ. ಅವನ ಜೇಬಿನಲ್ಲಿ ಮೊಬೈಲ್ ಬಡಿದುಕೊಳ್ಳುತ್ತಿತ್ತು. ತೆಗೆದು ನೋಡಿದ, ಎತ್ತಲಿಲ್ಲ. ನಿಂತಿತು, ಮತ್ತೆ ಶುರುವಾಯಿತು. ನಾನು ಕಣ್ತುಂಬ ನೋಡಿದೆ. ಎರಡು ವರ್ಷ ಕಾದಿದ್ದೆ, ಅವಸರವೇನೂ ಇರಲಿಲ್ಲ.

ರೇಡಿಯೊ ಮತ್ತೆ ಗೊರಗುಟ್ಟಿತು. ಈ ಸಲ ವರುಣನ ದನಿ.

"ಪರ್ತ್... ಮೇಡಂ, ಇದೀರಾ?"

"ಇದೀನಿ, ಹೇಳಪ್ಪಾ."

"ಅಮ್ಮ ಪರ್ತ್‌ನಲ್ಲಿ ರೇಡಿಯೊ ಕೆಲಸ ಮಾಡ್ತಾರೆ ಅಂತ ಪೂರ್ವಿ ಹೇಳ್ತಿದ್ಲು, ನೀವೇ ಅಲ್ವಾ? ಅವಳ ನಂಬರ್ ಕೊಡ್ತೀರಾ? ನಾನು ಡಿಲೀಟ್ ಮಾಡ್ಬಿಟ್ಟಿದ್ದೆ."

ಅವನ ಮೇಲೂ ನನಗೆ ಸಿಟ್ಟಿತ್ತು. ಕೊಡಬಾರದು ಅನ್ನಿಸಿತು, ಒಂದು ಗಳಿಗೆ. ಆಮೇಲೆ ಕಾರಿನ ಮ್ಯಾಟನ್ನು ಒತ್ತುವ ಆ ಕಾಲು ನೆನಪಾಯಿತು.

ಗುಂಡಿ ಒತ್ತಿದೆ.

"ಪೆನ್ ತಗೋ," ಎಂದೆ. "ನಿಧಾನವಾಗಿ ಹೇಳ್ತೀನಿ."